ಝೆರಾಕ್ಸಿನಲ್ಲಿ ಬಿಟ್ಟುಹೋದ ಅರ್ಧ ಪುಟ

ನಾಲ್ಕು ವರ್ಷ ಪಾಠ ಮಾಡಿದ ಕಥೆಯೊಂದನ್ನು ನಾನು ಪೂರ್ತಿ ಓದಿರಲಿಲ್ಲ. ಇದನ್ನು ಬರೆಯುವಾಗಲೂ ಕೈ ತಡೆಯುತ್ತದೆ. ಬರೆಯದೆ ಬಿಟ್ಟರೆ ಇನ್ನೊಮ್ಮೆ ತಪ್ಪಿಸಿಕೊಂಡಂತಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಇಂಗ್ಲಿಷ್ ಸಾಹಿತ್ಯದ ಅತಿಥಿ ಉಪನ್ಯಾಸಕಿ. ದೇವದುರ್ಗದ ಕಾಲೇಜಿಗೆ ಮೊದಲ ಸಲ ಹೋದಾಗ ಸೆಮಿಸ್ಟರ್ ಅರ್ಧ ಮುಗಿದಿತ್ತು. ಇಂಗ್ಲಿಷ್ ವಿಭಾಗ ಅಂದರೆ ಸ್ಟಾಫ್ ರೂಮಿನ ಮೂಲೆಯಲ್ಲಿದ್ದ ಒಂದು ಕಬ್ಬಿಣದ ಬೀರು. ಅದರ ಕೀಲಿಯನ್ನು ಹಿಂದಿನವರು ಒಯ್ದುಬಿಟ್ಟಿದ್ದರು. ಪಠ್ಯಪುಸ್ತಕ ಪೇಟೆಗೆ ಬಂದಿರಲಿಲ್ಲ. ರಾಯಚೂರಿನ ಗೆಳತಿಯೊಬ್ಬಳ ಬಳಿ ಒಂದು ಪ್ರತಿ ಸಿಕ್ಕಿತು, ಅದೂ ಒಂದೇ ದಿನದ ಮಟ್ಟಿಗೆ. ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಬೇಕಾದ ಪಾಠಗಳನ್ನು ತೆಗೆಸಿಕೊಂಡು, ಸ್ಟೇಪಲ್ ಹೊಡೆಸಿ, ಮಧ್ಯಾಹ್ನದ ಕ್ಲಾಸಿಗೆ ನುಗ್ಗಿದೆ.

ಅದರಲ್ಲೊಂದು ಕಥೆ ಇತ್ತು. ಒಂದು ಇಂಗ್ಲಿಷ್ ಊರು, ಅಲ್ಲೊಬ್ಬಳು ಬಟ್ಟೆ ಒಗೆಯುವ ಹೆಂಗಸು. ದೊಡ್ಡ ಮನೆಯೊಂದರ ಬಟ್ಟೆಯನ್ನು ಹನ್ನೊಂದು ವರ್ಷ ಒಗೆದು ಇಸ್ತ್ರಿ ಮಾಡಿ ಕೊಟ್ಟವಳು. ಆ ಮನೆಯಲ್ಲಿ ಬೆಳ್ಳಿ ಚಮಚವೊಂದು ಕಾಣೆಯಾಗುತ್ತದೆ. ಯಜಮಾನಿ ಇವಳನ್ನೇ ಕಳ್ಳಿ ಎಂದು ಹತ್ತು ಜನರೆದುರು ಬೈದು ಕಳಿಸುತ್ತಾಳೆ. ತಿಂಗಳಾದ ಮೇಲೆ ಚಮಚ ಕಪಾಟಿನ ಹಿಂದೆ ಸಿಗುತ್ತದೆ. ಯಜಮಾನಿ ತಾನೇ ಇವಳ ಮನೆಗೆ ಬಂದು, ಬಾಗಿಲಲ್ಲಿ ನಿಂತು, ತಪ್ಪಾಯಿತು, ಮತ್ತೆ ಕೆಲಸಕ್ಕೆ ಬಾ ಎಂದು ಕೇಳುತ್ತಾಳೆ. ನನ್ನ ಝೆರಾಕ್ಸಿನ ಕಡೆಯ ಸಾಲು ಹೀಗಿತ್ತು: ಅವಳು ಕುರ್ಚಿಯಿಂದ ಎದ್ದಳು. ಪೂರ್ಣವಿರಾಮವೂ ಇತ್ತು, ಪುಟವೂ ಅಲ್ಲಿಗೇ ಮುಗಿದಿತ್ತು.

ಎದ್ದಳು ಅಂದರೆ ಹೋದಳು. ನನಗೆ ಒಂದಿಷ್ಟೂ ಅನುಮಾನ ಬರಲಿಲ್ಲ.

ನಮ್ಮ ಕಡೆ ಇಂಗ್ಲಿಷ್ ಸಾಹಿತ್ಯ ಕಲಿಸುವುದಕ್ಕೆ ಒಂದು ಪದ್ಧತಿ ಇದೆ. ಒಂದು ಸಾಲು ಇಂಗ್ಲಿಷಿನಲ್ಲಿ ಓದುವುದು, ಕನ್ನಡದಲ್ಲಿ ಅರ್ಥ ಹೇಳುವುದು. ಹುಡುಗರು ಆ ಅರ್ಥವನ್ನು ಸಾಲಿನ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಾರೆ. ಪಾಠ ಮುಗಿದ ಮೇಲೆ ಸಾರಾಂಶ, ಪಾತ್ರಪರಿಚಯ, ಮುಖ್ಯ ಪ್ರಶ್ನೆಗಳ ಉತ್ತರ, ಎಲ್ಲವನ್ನೂ ಡಿಕ್ಟೇಶನ್ ಕೊಡುವುದು. ನಾನೂ ಹಾಗೇ ಕಲಿತವಳು, ಹಾಗೇ ಕಲಿಸಿದೆ. 'ಅವಳು ಯಜಮಾನಿಯನ್ನು ಕ್ಷಮಿಸಿ ಮತ್ತೆ ಕೆಲಸಕ್ಕೆ ಹೋಗುತ್ತಾಳೆ, ಕ್ಷಮೆಯೇ ಈ ಕಥೆಯ ನೀತಿ' ಎಂದು ಬರೆಸಿದೆ. ಆ ನೋಟ್ಸನ್ನು ಹುಡುಗರು ಅದೇ ಅಂಗಡಿಗೆ ಕೊಟ್ಟರು. ಅಂಗಡಿಯವರು ಸ್ಪೈರಲ್ ಬೈಂಡ್ ಮಾಡಿ 'ಮೇಡಂ ನೋಟ್ಸ್' ಅಂತ ಹೆಸರಿಟ್ಟು ಗಲ್ಲಾದ ಪಕ್ಕ ತೂಗುಹಾಕಿದರು. ಅದು ಮಾನ್ವಿಗೆ ಹೋಯಿತು, ಸಿರವಾರಕ್ಕೆ ಹೋಯಿತು. ಆಮೇಲೆ ಪುಸ್ತಕ ಪೇಟೆಗೆ ಬಂದರೂ ನಾನು ತೆರೆದು ನೋಡಲಿಲ್ಲ. ನನ್ನ ನೋಟ್ಸ್ ನನ್ನ ಬಳಿಯೇ ಇತ್ತಲ್ಲ! ನಿಜ ಹೇಳಬೇಕೆಂದರೆ, ಅಂಗಡಿಯಲ್ಲಿ ಅದು ತೂಗಾಡುವುದನ್ನು ಕಂಡಾಗಲೆಲ್ಲ ಒಳಗೊಳಗೇ ಹಿಗ್ಗುತ್ತಿದ್ದೆ.

ಐದನೇ ವರ್ಷ ಮಾನ್ವಿಯಲ್ಲೂ ಕೆಲಸ ಸಿಕ್ಕಿತು. ಸೋಮವಾರದಿಂದ ಬುಧವಾರ ದೇವದುರ್ಗ, ಗುರುವಾರದಿಂದ ಶನಿವಾರ ಮಾನ್ವಿ. ಇರುವುದು ರಾಯಚೂರಿನ ಗಂಜ್ ಹತ್ತಿರದ ಒಂದು ಕೋಣೆಯಲ್ಲಿ. ಅವ್ವ ತೀರಿಕೊಂಡ ಮೇಲೆ ಅಲ್ಲಿ ನಾನು, ಒಂದು ಗ್ಯಾಸ್ ಒಲೆ, ಎರಡು ಟ್ರಂಕು ಪುಸ್ತಕ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಎರಡೂ ಕಾಲೇಜಿನ ಸ್ಟಾಫ್ ರೂಮುಗಳಲ್ಲಿ ಮಾತು ವರ್ಗಾವಣೆಯದು, ಸೈಟಿನದು, ಮಕ್ಕಳ ಮದುವೆಯದು. ನಾನು ಕಲಿಸುವ ಕಥೆಯಲ್ಲಿ ಏನಿದೆ ಎಂದು ಅಷ್ಟು ವರ್ಷದಲ್ಲಿ ಒಬ್ಬರಾದರೂ ಕೇಳಿದವರಿಲ್ಲ. ನಾನು ಓದಿದ್ದನ್ನು ಇನ್ನೊಬ್ಬರು ಓದಿರಬೇಕು, ಅವರ ಜೊತೆ ಒಂದು ಕಪ್ ಚಹಾ ಕುಡಿಯುತ್ತ ಜಗಳವಾಡಬೇಕು ಎಂದು ತುಂಬಾ ಆಸೆ ಇತ್ತು. ಅಂಥವರು ಸಿಗಲಿಲ್ಲ. ಸಿಗದಿರುವುದೇ ರೂಢಿಯಾಗಿತ್ತು.

ಮಾನ್ವಿಯಲ್ಲಿ ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡವರು ಸರಿಯಾಗಿ ಹತ್ತು ಜನ. ಮೊದಲ ದಿನವೇ ಪ್ರಿನ್ಸಿಪಾಲರು ಹೇಳಿದ್ದರು. "ಹತ್ತಕ್ಕ ಒಂದ್ ಕಮ್ಮಿ ಆದ್ರೂ ಮುಂದಿನ ವರ್ಷ ಈ ವಿಷಯ ನಡ್ಸೂದಿಲ್ಲ ನೋಡ್ರಿ ಮೇಡಂ. ಹುಡುಗ್ರನ್ನ ಹಿಡಕೊಂಡು ಹೋಗ್ರಿ."

ಮೂರನೇ ಬೆಂಚಿನ ತುದಿಯಲ್ಲಿ ನೀರಮಾನ್ವಿಯ ಹುಡುಗಿಯೊಬ್ಬಳು ಕೂಡುತ್ತಿದ್ದಳು. ಮಾತು ಕಡಿಮೆ. ಡಿಕ್ಟೇಶನ್ ಕೊಡುವಾಗ ಬೇರೆಯವರೆಲ್ಲ ತಲೆ ತಗ್ಗಿಸಿ ಬರೆಯುತ್ತಿದ್ದರೆ ಇವಳು ಆಗಾಗ ತಲೆ ಎತ್ತಿ ನನ್ನ ಮುಖ ನೋಡುತ್ತಿದ್ದಳು. ನನಗದು ಉಡಾಫೆ ಅನ್ನಿಸುತ್ತಿತ್ತು. ಇಂಟರ್ನಲ್ ಟೆಸ್ಟಿನಲ್ಲಿ ಆ ಒಗೆಯುವವಳ ಕಥೆಯ ಕೊನೆಯ ಬಗ್ಗೆಯೇ ದೊಡ್ಡ ಪ್ರಶ್ನೆ ಕೊಟ್ಟೆ. ಒಂಬತ್ತು ಪೇಪರಿನಲ್ಲಿ ನನ್ನದೇ ವಾಕ್ಯಗಳಿದ್ದವು, ಅಲ್ಪವಿರಾಮದ ಸಮೇತ. ಈ ಹುಡುಗಿ ಮಾತ್ರ ಮುರಿದ ಇಂಗ್ಲಿಷಿನಲ್ಲಿ ಬೇರೇನೋ ಬರೆದಿದ್ದಳು. ಒಗೆಯುವವಳು ಎದ್ದು, ಗೂಡಿನಲ್ಲಿದ್ದ ಆ ಮನೆಯ ಬಟ್ಟೆಯ ಗಂಟನ್ನು ತೆಗೆದು ಯಜಮಾನಿಯ ಕೈಗಿಟ್ಟಳು, ಬಾಗಿಲು ಹಾಕಿಕೊಂಡಳು, ಅಂತ.

ರಾಯಚೂರಿನ ಬಸ್ಸಿನಲ್ಲಿ ಕಿಟಕಿಗೆ ಆನಿಕೊಂಡು ಪೇಪರ್ ತಿದ್ದುತ್ತಿದ್ದೆ. ತಲೆ ಕೆಟ್ಟುಹೋಯಿತು. ಉತ್ತರದ ಮೇಲೆ ಉದ್ದಕ್ಕೆ ಕೆಂಪು ಗೀಟು ಎಳೆದು ಸೊನ್ನೆ ಹಾಕಿದೆ. ಪಕ್ಕದಲ್ಲಿ ಬರೆದೆ: ಪಠ್ಯವನ್ನು ಸರಿಯಾಗಿ ಓದು.

ಅಲ್ಲಿಗೇ ಬಿಟ್ಟಿದ್ದರೂ ಆಗುತ್ತಿತ್ತು. ನನ್ನ ನಾಲಿಗೆ ಬಿಡಬೇಕಲ್ಲ! ಮರುವಾರ ಪೇಪರ್ ಹಂಚುವಾಗ ಅವಳದನ್ನು ಕೈಯಲ್ಲೇ ಇಟ್ಟುಕೊಂಡು, "ನಮ್ಮ ಕ್ಲಾಸಿನ್ಯಾಗ ಒಬ್ಬಾಕಿ ಕಥೆಗಾರ್ತಿ ಹುಟ್ಯಾಳ ನೋಡ್ರಿ. ಪುಸ್ತಕದಾಗ ಇಲ್ಲದ್ದನ್ನ ತಾನ ಕಟ್ಟಿ ಬರದಾಳ," ಅಂದೆ. ಎಲ್ಲರೂ ನಕ್ಕರು. ಹುಡುಗಿ ಪೇಪರ್ ಇಸಿದುಕೊಂಡು ಕೂತಳು. ಅಂದಿನಿಂದ ಹುಡುಗರು ಅವಳನ್ನು ಕಥೆಗಾರ್ತಿ ಎಂದೇ ಕರೆದರಂತೆ. ಅದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಮುಂದಿನ ಗುರುವಾರ ಅವಳು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಮೂರನೇ ವಾರ ಪ್ರಿನ್ಸಿಪಾಲರು ಕರೆದು ಒಂದು ಅರ್ಜಿ ತೋರಿಸಿದರು. ಮುಂದಿನ ಸೆಮಿಸ್ಟರಿನಿಂದ ಇಂಗ್ಲಿಷ್ ಬದಲು ಐಚ್ಛಿಕ ಕನ್ನಡ ಕೊಡಿರೆಂದು ಬರೆದಿದ್ದಳು. "ಶನಿವಾರ ಲಾಸ್ಟ್ ಡೇಟ್ ಅದ. ಅಷ್ಟರಾಗ ಮನಸ್ಸು ಬದಲ್ಸಿದ್ರ ಅರ್ಜಿ ಹರದ್ ಹಾಕ್ತೀನಿ. ಇಲ್ಲಂದ್ರ ನಿಮ್ಮ ಕ್ಲಾಸ್ ಒಂಬತ್ತಕ್ಕ ಬಂತು," ಅಂದರು. ನನಗೆ ಸಿಟ್ಟೇ ಬಂತು. ಸೊನ್ನೆ ಹಾಕಿದರೆ ಓಡಿಹೋಗುವುದೇ, ಓದಿಕೊಂಡು ಬರಬಾರದೇ ಅಂದುಕೊಂಡೆ.

ಅದು ಗುರುವಾರ. ಅಂದೇ ಮಧ್ಯಾಹ್ನ ಪೂರ್ವಸಿದ್ಧತಾ ಪರೀಕ್ಷೆಯ ಪ್ರಶ್ನೆಪತ್ರಿಕೆ ತಯಾರಿಸಬೇಕಿತ್ತು. ಸಂದರ್ಭ ವಿವರಿಸಿ ಎಂಬ ಪ್ರಶ್ನೆಗೆ ಮೂಲದ ಸಾಲನ್ನೇ ಕೊಡಬೇಕು. ನನ್ನ ಝೆರಾಕ್ಸಿನ ಅಕ್ಷರ ಅಷ್ಟು ಹೊತ್ತಿಗೆ ಮಾಸಿ ಹೋಗಿತ್ತು. ಒಬ್ಬ ಹುಡುಗನಿಂದ ಹೊಸ ಪುಸ್ತಕ ಇಸಿದುಕೊಂಡು ಸ್ಟಾಫ್ ರೂಮಿನಲ್ಲಿ ಕೂತೆ. 'ಎದ್ದಳು' ಎಂಬಲ್ಲಿಯವರೆಗೂ ಸಾಲಿನ ಮೇಲೆ ಪೆನ್ಸಿಲ್ ಅರ್ಥಗಳಿದ್ದವು. ಅಡಿಯಲ್ಲಿ 'ಕ್ಷಮಿಸಿ ಹೋಗುತ್ತಾಳೆ, ಕಥೆ ಮುಗಿಯಿತು' ಅಂತ ನಾನೇ ಬರೆಸಿದ್ದು. ಅಭ್ಯಾಸದ ಪ್ರಶ್ನೆ ನೋಡೋಣವೆಂದು ಹಾಳೆ ತಿರುವಿದೆ.

ಕಥೆ ಮುಗಿದಿರಲಿಲ್ಲ. ಹಾಳೆಯ ಹಿಂಬದಿಯಲ್ಲಿ ಮೇಲರ್ಧ ಕಥೆ, ಕೆಳಗರ್ಧ ಪ್ರಶ್ನೆಗಳು. ಅದರ ಮೇಲೆ ಪೆನ್ಸಿಲಿನ ಒಂದು ಗೆರೆಯೂ ಇರಲಿಲ್ಲ. ಅವಳು ಎದ್ದು ಗೂಡಿನತ್ತ ಹೋದಳು. ಹೊರಗೆ ಹಾಕಿದ ದಿನ ತಂದಿಟ್ಟಿದ್ದ ಆ ಮನೆಯ ಬಟ್ಟೆಯ ಗಂಟು, ಇಸ್ತ್ರಿ ಆಗಿ ಅಲ್ಲಿತ್ತು. ಅದನ್ನು ಯಜಮಾನಿಯ ಕೈಗಿಟ್ಟಳು. ಎಲ್ಲಾ ಇವೆ, ನೋಡಿಕೊಳ್ಳಿ, ಅಂದಳು. ಬಾಗಿಲು ಹಾಕಿಕೊಂಡಳು. ಅಷ್ಟೇ.

ಇನ್ನೊಮ್ಮೆ ಓದಿದೆ. ಆ ಹುಡುಗಿ ಬರೆದದ್ದು ಇದೇ, ಗೂಡಿನ ಸಮೇತ.

ತಪ್ಪನ್ನು ಝೆರಾಕ್ಸ್ ಅಂಗಡಿಯ ಮೇಲೆ ಹಾಕಬಹುದಿತ್ತು. ಆದರೆ ನನಗೆ ಗೊತ್ತಿತ್ತು, ಅದು ಬರೀ ಅರ್ಧ ಪುಟದ ತಪ್ಪಲ್ಲ. ನನ್ನ ಅವ್ವ ರಾಯಚೂರಿನಲ್ಲಿ ನಾಲ್ಕು ಮನೆಯ ಮುಸುರೆ ತಿಕ್ಕಿ ನನ್ನನ್ನು ಎಂ.ಎ. ಓದಿಸಿದವಳು. ಅವಳ ಮೇಲೂ ಒಮ್ಮೆ ಇಂಥದ್ದೇ ಮಾತು ಬಂದಿತ್ತು. ಮೂರು ದಿನ ಮನೆಯಲ್ಲಿ ಕೂತು ಅತ್ತಿದ್ದಳು. ನಾಲ್ಕನೇ ದಿನ ಅವರೇ ಬಂದು ಕರೆದಾಗ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು, ಹೋದಳು. ಎದ್ದವಳು ಹೋಗದೇ ಇರಬಹುದು ಎಂಬುದು ನನ್ನ ಅನುಭವದಲ್ಲೇ ಇರಲಿಲ್ಲ. ಕಥೆಯ ಕೊನೆಯನ್ನು ಕಟ್ಟಿ ಬರೆದವಳು ಆ ಹುಡುಗಿಯಲ್ಲ, ನಾನು.

ಪಕ್ಕದಲ್ಲಿ ಕೂತಿದ್ದ ಇತಿಹಾಸದ ಹಿರಿಯ ಉಪನ್ಯಾಸಕರಿಗೆ ಹೇಳಿದೆ. ಯಾರಿಗಾದರೂ ಹೇಳಲೇಬೇಕಿತ್ತು. ಅವರು ಕನ್ನಡಕ ಹಣೆಗೇರಿಸಿ ಪೂರ್ತಿ ಕೇಳಿದರು.

"ಸುಮ್ಮನಿದ್ದುಬಿಡ್ರಿ ಮೇಡಂ. ಪೇಪರ್ ತಿದ್ದಾಕ ಬರೋರು ಎಲ್ಲಾರೂ ನಿಮ್ಮ ನೋಟ್ಸ್ ನೋಡೇ ಪಾಠ ಮಾಡಿದೋರು ಅದಾರ. ಈಗ ನೀವು ಹೊಸಾದು ಹೇಳಿದ್ರ ಹುಡುಗ್ರ ಮಾರ್ಕ್ಸ್ ಹೋಗ್ತಾವ. ಮ್ಯಾಲ ನಿಮ್ಮ ಮಾನಾನೂ ಹೋಗ್ತದ."

"ಆ ಹುಡುಗಿದು ಆಗ್ಲೇ ಹೋಗ್ಯದಲ್ರಿ ಸರ್," ಅಂದೆ.

"ಒಬ್ಬಾಕಿದು ಅಲ್ಲೇನ್ರಿ?"

ಕೆಟ್ಟ ಮನುಷ್ಯರಲ್ಲ ಅವರು. ನನ್ನ ಒಳ್ಳೆಯದಕ್ಕೇ ಹೇಳಿದರು. ಆದರೂ ಒಬ್ಬಳದು ಅಲ್ಲವೇ ಎಂಬ ಮಾತನ್ನು ಒಪ್ಪಲಾಗಲಿಲ್ಲ. ನಾನು ಇಷ್ಟು ವರ್ಷ ಹುಡುಕುತ್ತಿದ್ದದ್ದು ಒಬ್ಬರನ್ನೇ, ಓದಿದ ಒಬ್ಬರನ್ನು. ಅಂಥವಳು ಮೂರನೇ ಬೆಂಚಿನಲ್ಲಿ ನನ್ನ ಮುಖ ನೋಡುತ್ತ ಕೂತಿದ್ದಳು. ಅವಳ ಉತ್ತರದ ಮೇಲೆ ನಾನು ಗೀಟು ಎಳೆದಿದ್ದೆ. ಸ್ಟಾಫ್ ರೂಮಿನ ಹಿಂದಿನ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡೆ. ಹೇಳಿಬಿಡುವುದು ಎಂದು ಅಲ್ಲೇ ತೀರ್ಮಾನಿಸಿದೆ. ಆಗುವುದು ಆಗಲಿ.

ಶುಕ್ರವಾರ ಮೊದಲ ಪೀರಿಯಡ್ಡಿನಲ್ಲಿ ಒಂಬತ್ತು ಜನರೆದುರು ನಿಂತೆ. ಡಿಕ್ಟೇಶನ್ ಇಲ್ಲ, ಪೆನ್ಸಿಲ್ ಕೆಳಗಿಡಿ ಅಂದೆ. ಯಜಮಾನಿ ಬಾಗಿಲಲ್ಲಿ ನಿಂತ ಭಾಗವನ್ನು ಇಂಗ್ಲಿಷಿನಲ್ಲೇ ನಿಧಾನವಾಗಿ ಎರಡು ಸಲ ಓದಿದೆ. 'ಎದ್ದಳು' ಎಂಬಲ್ಲಿ ನಿಲ್ಲಿಸಿ, ಪುಸ್ತಕ ಮುಚ್ಚಿಸಿ, ಮುಂದೇನಾಗಿರಬಹುದು ನೀವೇ ಹೇಳಿ ಎಂದು ಕೇಳಿದೆ. ಇಂಥ ಪ್ರಶ್ನೆಯನ್ನು ನಾನು ಐದು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

"ನೋಟ್ಸಿನ್ಯಾಗ ಅದಲ್ರಿ ಮೇಡಂ, ಹೋಗ್ತಾಳಂತ," ಅಂದ ಒಬ್ಬ.

"ನೋಟ್ಸ್ ಬಿಡೋ ಮಾರಾಯ. ನೀ ಹೇಳು."

ಮುಂದಿನ ಬೆಂಚಿನ ಹುಡುಗಿ ಮೆಲ್ಲಗೆ, "ಹೋಗ್ತಾಳ್ರಿ. ಹೊಟ್ಟಿ ಕೇಳ್ಬೇಕಲ್ರಿ," ಅಂದಳು. ಹಿಂದಿನಿಂದ ಇನ್ನೊಬ್ಬ, "ಕಳ್ಳಿ ಅನಿಸಿಕೊಂಡ ಮನಿಗೆ ಯಾರ್ ಹೋಗ್ತಾರ್ಲೇ?" ಅಂದ. ಅವಳು ತಿರುಗಿ ಅವನಿಗೆ ಜೋರುಮಾಡಿದಳು. ಕ್ಲಾಸು ಎರಡು ಪಾಳಿಯಾಯಿತು. ಕನ್ನಡದಲ್ಲೇ ಜಗಳವಾಡಿದರು. ಸಾಕ್ಷಿಗೆ ಮಾತ್ರ ಕಥೆಯ ಇಂಗ್ಲಿಷ್ ಸಾಲುಗಳನ್ನು ಎತ್ತಿ ಎತ್ತಿ ಓದಿದರು. ನನಗೆ ಬೇಕಿದ್ದದ್ದು ಇದೇ ಜಗಳ! ಆಮೇಲೆ ಹಾಳೆ ತಿರುವಿ ಅಂದೆ. ಓದಿ ಮುಗಿಸಿದವರು ಒಬ್ಬೊಬ್ಬರಾಗಿ ನನ್ನತ್ತ ನೋಡಿದರು.

"ಈ ಪುಟ ನನ್ನ ಝೆರಾಕ್ಸಿನ್ಯಾಗ ಇರಲಿಲ್ಲ, ನಾನೂ ಪುಸ್ತಕ ತೆಗದು ಓದಲಿಲ್ಲ. ನಿಮಗ ತಪ್ಪು ಕಲಿಸೀನಿ. ನಿಮ್ಮ ಗೆಳತಿ ಸರಿ ಬರದಿದ್ಲು, ಆಕಿನ್ನ ನಾನು ನಿಮ್ಮೆದುರಿಗೆ ಅವಮಾನ ಮಾಡೀನಿ," ಅಂದೆ. ಟೇಬಲ್ ಹಿಡಿದುಕೊಂಡಿದ್ದೆ.

ಮೊದಲು ಬಂದ ಪ್ರಶ್ನೆ ಇದು: "ಮತ್ತ ಪರೀಕ್ಷಾದಾಗ ಯಾವ್ದು ಬರೀಬೇಕ್ರಿ ಮೇಡಂ?"

ನಗು ಬಂತು, ಅಳುವೂ ಬಂತು. "ಪುಸ್ತಕದಾಗ ಇದ್ದದ್ದು ಬರೀರಿ. ತಿದ್ದೋರ ಜೊತಿ ಬಡದಾಡಾಕ ನಾನಿದ್ದೀನಿ," ಅಂದೆ.

ಅವಳ ಸೊನ್ನೆಯನ್ನು ಹೊಡೆದುಹಾಕಿ ಪೂರ್ತಿ ಅಂಕ ಕೊಟ್ಟು, ಕಾರಣ ಬರೆದು ಸಹಿ ಮಾಡಿ ಪ್ರಿನ್ಸಿಪಾಲರ ಟೇಬಲ್ಲಿಗೆ ಇಟ್ಟೆ. ಅವರು ಓದಿ ನನ್ನನ್ನೇ ಒಂದು ಕ್ಷಣ ನೋಡಿದರು. "ಬರವಣಿಗಿಯಾಗ ಕೊಡೋ ಜರೂರತ್ ಇರ್ಲಿಲ್ರಿ. ಇರ್ಲಿ. ನಾಳೆ ಆ ಹುಡುಗಿ ಮನಿಗೆ ಹೋಗಿ ಬರ್ರಿ. ಹತ್ತು ಮಂದಿ ಆಗ್ಬೇಕು ನಮಗ."

ಶನಿವಾರ ಬೆಳಿಗ್ಗೆ ನೀರಮಾನ್ವಿಗೆ ಹೋದೆ. ಮನೆ ಕೇಳಿದ್ದಕ್ಕೆ ರೊಟ್ಟಿ ಬಡಿಯುವ ಸಪ್ಪಳ ಬರುವ ಕಡೆ ಹೋಗ್ರಿ ಅಂದರು. ಅವಳ ಅವ್ವ ಮಾನ್ವಿಯ ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿ ಕೊಡುವವಳು. ಒಲೆಯ ಮುಂದೆ ಹಿಟ್ಟಿನ ಕೈಯಲ್ಲೇ ಕೂತಿದ್ದಳು. ಹುಡುಗಿ ಆರಿದ ರೊಟ್ಟಿಗಳನ್ನು ಒಂದರ ಮೇಲೊಂದು ಜೋಡಿಸುತ್ತ ಗೋಡೆಗೆ ಆನಿ ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು.

"ಬರ್ರಿ ಮೇಡಮ್ಮಾರ, ಒಳಗ ಬರ್ರಿ. ಲೇ, ಚಾಪಿ ಹಾಸ್ ಬೇ," ಅಂದಳು ಅವ್ವ.

ನಾನು ಬಾಗಿಲಲ್ಲೇ ನಿಂತಿದ್ದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿತ್ತು. "ತಪ್ಪಾತವ್ವಾ. ನೀ ಬರದದ್ದು ಸರಿ ಇತ್ತು. ನಾನೇ ಆ ಪುಟ ಓದಿರಲಿಲ್ಲ. ಮಾರ್ಕ್ಸ್ ತಿದ್ದೀನಿ, ಕ್ಲಾಸಿನ್ಯಾಗ ಎಲ್ಲಾರ ಮುಂದ ಹೇಳೀನಿ," ಅಂದೆ.

ಅವಳು ತಲೆ ತಗ್ಗಿಸಿದಳು. "ಹೇಳಿದ್ರಂತ. ಗೆಳತಿ ಫೋನ್ ಮಾಡಿದ್ಲರಿ."

"ಅವತ್ತ ಯಾಕ ಹೇಳಲಿಲ್ಲ ನೀನು? ಪುಸ್ತಕ ತಂದು ನನ್ನ ಮುಖದ ಮುಂದ ಹಿಡೀಬೇಕಿತ್ತು!"

"ನೀವ್ ಮೇಡಂ ಅಲ್ಲೇನ್ರಿ. ನಾನ ತಪ್ಪ್ ತಿಳ್ಕೊಂಡೀನಿ ಅನ್ಕೊಂಡೆ. ಮನಿಗೆ ಬಂದು ಮೂರ್ ಸಲ ಓದಿದೆ. ಮೂರೂ ಸಲಾನೂ ಆಕಿ ಹೋಗಲಿಲ್ರಿ."

ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು. ಅವ್ವ ಮಗಳ ಮುಖ ನೋಡುತ್ತಿದ್ದಳು.

"ಇವತ್ತ ಅರ್ಜಿ ವಾಪಸ್ ತಗೊಂಡ್ರ ನಡೀತದ. ಕ್ಲಾಸಿಗೆ ಬಾ," ಅಂದೆ. ಅಷ್ಟಕ್ಕೇ ಸುಮ್ಮನಾಗಲಿಲ್ಲ, ಇನ್ನೊಂದನ್ನು ಮುಚ್ಚಿಡಲು ಮನಸ್ಸು ಬರಲಿಲ್ಲ. "ನೀ ಬರಲಿಲ್ಲಂದ್ರ ಹತ್ತು ಮಂದಿ ಆಗಂಗಿಲ್ಲ, ನನ್ನ ಕೆಲಸಾನೂ ಹೋಗ್ತದ. ಅದೂ ಅದ. ಖರೇ ಹೇಳ್ತೀನಿ, ಅದಕ್ಕಷ್ಟ ಬಂದಿಲ್ಲ."

ಅವಳು ಒಳಗೆ ಹೋದಳು. ಚೀಲ ತೆಗೆದುಕೊಂಡು ಬರುತ್ತಾಳೆ ಎಂದು ಒಂದು ಗಳಿಗೆ ನಂಬಿಬಿಟ್ಟೆ. ಈ ಹುಡುಗಿಯ ಜೊತೆ ಯಾವ ಯಾವ ಪುಸ್ತಕ ಓದಬೇಕೆಂದು ಲೆಕ್ಕ ಹಾಕುವುದಕ್ಕೂ ಶುರುಮಾಡಿದ್ದೆ. ಅವಳು ಹೊರಗೆ ಬಂದಾಗ ಕೈಯಲ್ಲಿ ಇಂಗ್ಲಿಷ್ ಪಠ್ಯಪುಸ್ತಕವಷ್ಟೇ ಇತ್ತು, ಹಳೆಯ ಕ್ಯಾಲೆಂಡರಿನ ಹಾಳೆಯ ರಟ್ಟು ಹಾಕಿದ್ದು. ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟಳು.

"ಇದು ನಿಮ್ಮತ್ರ ಇರ್ಲಿರಿ ಮೇಡಂ. ನಿಮ್ ಝೆರಾಕ್ಸಿನ್ಯಾಗ ಕಡೀ ಪುಟ ಇಲ್ಲಲ್ರಿ."

ಚುಚ್ಚಿ ಅಂದದ್ದಲ್ಲ. ನನಗೆ ಬೇಕಾಗುತ್ತದೆ ಎಂದೇ ಕೊಟ್ಟಳು. ಅದೇ ಇನ್ನೂ ನೋವಾಯಿತು.

"ಸಿಟ್ಟೇನವ್ವಾ ನನ್ಮ್ಯಾಲ?"

"ಇಲ್ರಿ. ಸಿಟ್ಟ್ ಇಲ್ಲ. ಆದ್ರ ನಾ ಬರೂದಿಲ್ರಿ. ಇಂಗ್ಲಿಷ್ ಬಿಟ್ಟಿಲ್ರಿ ಮೇಡಂ, ಕ್ಲಾಸ್ ಅಷ್ಟ ಬಿಟ್ಟೀನಿ. ಲೈಬ್ರರಿಂದ ತಂದು ಓದ್ತೀನ್ರಿ."

ಅವ್ವ ಒತ್ತಾಯ ಮಾಡಿ ಬಿಸಿ ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ಚಾಪೆಯ ಮೇಲೆ ಕೂತು ತಿಂದೆ. ಹುಡುಗಿ ನೀರು ತಂದಿಟ್ಟಳು. ಕಥೆಯ ಮಾತು ಮತ್ತೆ ಬರಲಿಲ್ಲ.

ದೇವದುರ್ಗದ ಝೆರಾಕ್ಸ್ ಅಂಗಡಿಗೆ ಸೋಮವಾರವೇ ಹೋಗಿ ನೋಟ್ಸ್ ಇಳಿಸಿ ಅಂದೆ. ಅಂಗಡಿಯವರು ವಿಷಯ ಕೇಳಿ ಹಣೆ ಹಣೆ ಬಡಿದುಕೊಂಡರು. "ಯಪ್ಪಾ! ನಾನೇನ್ರಿ ಆ ಪುಟ ಬಿಟ್ಟಾಂವ?" ಹೊಸ ನೋಟ್ಸ್ ಕೊಡ್ರಿ, ಹಾಕ್ತೀನಿ ಅಂದರು. ಇಲ್ಲ, ಇನ್ನು ನೋಟ್ಸ್ ಇಲ್ಲ ಅಂದೆ. ಅದೇ ದಿನ ಅಲ್ಲಿಯ ಕ್ಲಾಸಿನಲ್ಲೂ ನನ್ನ ತಪ್ಪು ಹೇಳಿದೆ. ಮೌಲ್ಯಮಾಪನದ ವೇಳೆ ರಾಯಚೂರಿನಲ್ಲಿ ಪುಸ್ತಕ ಮುಂದಿಟ್ಟುಕೊಂಡು ವಾದ ಮಾಡಿದೆ. ಎರಡು ಬಗೆಯ ಉತ್ತರಕ್ಕೂ ಅಂಕ ಕೊಡುವುದೆಂದು ತೀರ್ಮಾನವಾಯಿತು. ಅಷ್ಟಾದರೂ ಆಯಿತು.

ಮಾನ್ವಿಯಲ್ಲಿ ಐಚ್ಛಿಕ ಇಂಗ್ಲಿಷ್ ನಿಂತಿತು. ಈಗ ವಾರದಲ್ಲಿ ಮೂರು ದಿನ ಖಾಲಿ ಇರುತ್ತೇನೆ.

ಅವಳ ಪುಸ್ತಕವನ್ನು ಆ ಶನಿವಾರ ಬಸ್ಸಿನಲ್ಲಿ ತೆರೆಯುವ ಧೈರ್ಯವಾಗಲಿಲ್ಲ. ಕೋಣೆಗೆ ಬಂದು, ಚಹಾಕ್ಕೆ ಇಟ್ಟು, ಆ ಕಥೆ ತೆಗೆದೆ. ಕಡೆಯ ಅರ್ಧ ಪುಟದಲ್ಲಿ ಪ್ರತಿ ಸಾಲಿನ ಮೇಲೂ ಪೆನ್ಸಿಲಿನಲ್ಲಿ ಸಣ್ಣ ಅಕ್ಷರದ ಅರ್ಥಗಳಿದ್ದವು. ಯಾರೂ ಹೇಳಿಕೊಟ್ಟದ್ದಲ್ಲ, ನಿಘಂಟು ನೋಡಿ ಅವಳೇ ಹುಡುಕಿದ್ದು. ಎಲ್ಲವೂ ಸರಿ ಇದ್ದವು. ಅಡಿಯಲ್ಲಿ, ನಾನು ಟೆಸ್ಟ್ ಪೇಪರ್ ಹಂಚಿದ ಮೇಲೆ ಬರೆದಿರಬೇಕು, ಒಂದು ಸಾಲು ಇತ್ತು: 'ಮೇಡಂ ಹೇಳಿದ್ದೇ ಸರಿ ಇರಬೇಕು. ನನಗೆ ಇಂಗ್ಲಿಷ್ ತಿಳಿಯುವುದಿಲ್ಲ.'

ರಬ್ಬರ್ ಹುಡುಕಿ ಕೈಗೆ ತೆಗೆದುಕೊಂಡೆ. ಆಮೇಲೆ ಕೆಳಗಿಟ್ಟೆ. ಈಗ ಪ್ರತಿ ವರ್ಷ ಆ ಕಥೆ ಶುರುಮಾಡುವ ಮೊದಲು ಈ ಪುಟವನ್ನು ತೆಗೆದು ಆ ಸಾಲನ್ನು ಓದಿಕೊಂಡು ಕ್ಲಾಸಿಗೆ ಹೋಗುತ್ತೇನೆ.